ಪರದೇಶದಲ್ಲಿ ಕೈಕೊಟ್ಟ ಹಾರ್ಡ್ ಡಿಸ್ಕ್: ಒಂದು ಅನುಭವ, ಕೆಲವು ಪಾಠಗಳು

ವಿದೇಶ ಪ್ರವಾಸಕ್ಕೆ ಹೊರಡುವ ವರ್ತಕರು ಪಾಸ್‌ಪೋರ್ಟ್, ವೀಸಾ, ಟಿಕೆಟ್, ವಿದೇಶಿ ಕರೆನ್ಸಿ, ಪ್ರಯಾಣ ವಿಮೆ ಇವೆಲ್ಲವನ್ನೂ ಎರಡೆರಡು ಬಾರಿ ಪರಿಶೀಲಿಸುವುದು ವಾಡಿಕೆ. ಇವುಗಳಲ್ಲಿ ಯಾವುದು ಕಳೆದರೂ ಮತ್ತೊಂದನ್ನು ಪಡೆಯುವ ಮಾರ್ಗವುಂಟು. ಆದರೆ ಹಲವು ವರ್ಷಗಳ ಲೆಕ್ಕಪತ್ರ, ಒಪ್ಪಂದ, ಪತ್ರವ್ಯವಹಾರಗಳನ್ನೆಲ್ಲ ತನ್ನೊಳಗೆ ಇರಿಸಿಕೊಂಡು ನಮ್ಮ ಕೈಚೀಲದಲ್ಲಿಯೇ ಪ್ರಯಾಣ ಮಾಡುವ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನ ಬಗ್ಗೆ ಯೋಚಿಸುವವರು ವಿರಳ. ನಾನೂ ಯೋಚಿಸಿರಲಿಲ್ಲ. ಇತರರ ಲೆಕ್ಕ ಪರಿಶೋಧಿಸಿ ಲೋಪಗಳನ್ನು ಎತ್ತಿ ತೋರಿಸುವುದೇ ವೃತ್ತಿಯಾಗಿರುವ ನನ್ನಿಂದಲೇ ಘಟಿಸಿದ ಒಂದು ಲೋಪವನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ದುಬೈಯಲ್ಲಿ ಆ ರಾತ್ರಿ

ಅದು 2012ರ ಸೆಪ್ಟೆಂಬರ್ ತಿಂಗಳು. ತೆರಿಗೆ ಲೆಕ್ಕಪರಿಶೋಧನೆಯ ಗಡುವು 30ನೇ ತಾರೀಖು. ನಮ್ಮ ವೃತ್ತಿಯವರಿಗೆ ಬಿಡುವೆಂಬುದೇ ಇಲ್ಲದ ಕಾಲ. ಆದರೂ ಗಣೇಶ ಚತುರ್ಥಿಯ ಮರುದಿನ, 20ರ ಗುರುವಾರ, ನಮ್ಮ ಕಕ್ಷಿದಾರರೊಡನೆ ದುಬೈಗೆ ಹೊರಡಬೇಕಾಯಿತು. ಅವರು ಹಾವೇರಿ ಜಿಲ್ಲೆಯ ಮೆಣಸಿನಕಾಯಿ ರಫ್ತುದಾರರು. ಮೂರು ಕಂಟೇನರ್ ಸರಕಿನಲ್ಲಿ ತೇವಾಂಶವು ಒಪ್ಪಂದಕ್ಕಿಂತ ಹೆಚ್ಚಾಗಿತ್ತೆಂದು ಅಲ್ಲಿಯ ಖರೀದಿದಾರರು ಹಣವನ್ನು ತಡೆಹಿಡಿದಿದ್ದರು. ಶನಿವಾರ ಬೆಳಿಗ್ಗೆ ಮಾತುಕತೆ ನಿಗದಿಯಾಗಿತ್ತು. ಬಿಲ್ಲುಗಳು, ಬ್ಯಾಂಕಿನ ಜಮಾ ವಿವರಗಳು, ಪ್ರಯೋಗಾಲಯದ ವರದಿಗಳು, ಅವುಗಳನ್ನೆಲ್ಲ ತಾಳೆ ನೋಡಿ ನಾನು ಸಿದ್ಧಪಡಿಸಿದ್ದ ಪಟ್ಟಿ ಎಲ್ಲವೂ ನನ್ನ ಲ್ಯಾಪ್‌ಟಾಪಿನಲ್ಲಿದ್ದವು.

ದೇರಾ ಬಡಾವಣೆಯ ಹೋಟೆಲು ಸೇರಿ ರಾತ್ರಿ ಲ್ಯಾಪ್‌ಟಾಪ್ ತೆರೆದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲಿನ ಸೂಚನೆ: ಡಿಸ್ಕ್ ಸಿಗುತ್ತಿಲ್ಲ. ಒಳಗಿನಿಂದ ಗಡಿಯಾರದಂತೆ ಟಿಕ್ ಟಿಕ್ ಎಂಬ ಸದ್ದು. ಗಾಬರಿಯಿಂದ ಆರಿಸಿ ಮತ್ತೆ ಹಚ್ಚಿದೆ; ಹೀಗೆ ಏಳೆಂಟು ಸಲ. ಅದೇ ನಾನು ಮಾಡಿದ ದೊಡ್ಡ ತಪ್ಪೆಂದು ಮರುದಿನ ತಿಳಿಯಿತು.

ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಎರಡೂವರೆ ಅಂಗುಲದ ತಟ್ಟೆಗಳು ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ ಓದುವ ಮುಳ್ಳು ತಟ್ಟೆಗೆ ತಾಗದಂತೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ತಿರುಗುತ್ತಿರುವಾಗ ಪೆಟ್ಟು ಬಿದ್ದರೆ ಮುಳ್ಳು ತಟ್ಟೆಗೆ ತಗಲಿ ಗೀರು ಬೀಳುತ್ತದೆ. ಮುಳ್ಳು ಕೆಟ್ಟ ಡಿಸ್ಕನ್ನು ಪ್ರತಿ ಸಲ ಚಾಲೂ ಮಾಡಿದಾಗಲೂ ಆ ಗೀರು ಬೆಳೆಯುವ ಅಪಾಯವಿದೆ. ವಿಮಾನ ನಿಲ್ದಾಣದಲ್ಲಿ ಕೊನೆಯ ಕರೆ ಕೇಳಿ, ಯಂತ್ರ ಪೂರ್ತಿ ನಿಲ್ಲುವ ಮೊದಲೇ ಮುಚ್ಚಳ ಮಡಚಿ ಚೀಲಕ್ಕೆ ತುರುಕಿದ್ದು ನನಗೆ ಆಗ ನೆನಪಾಯಿತು.

ಶುಕ್ರವಾರದ ಪೇಟೆ

ಆ ದೇಶದಲ್ಲಿ ಅಂದು ಶುಕ್ರವಾರವೇ ವಾರದ ರಜೆ. ಶನಿವಾರ-ಭಾನುವಾರದ ಪದ್ಧತಿ ಬಂದದ್ದು 2022ರ ಜನವರಿಯಿಂದ. ಮಧ್ಯಾಹ್ನದ ಪ್ರಾರ್ಥನೆ ಮುಗಿದು ಅಂಗಡಿಗಳು ತೆರೆಯುವವರೆಗೆ ಕಾದು, ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಖಾರಿ ದಾಟಿ, ಬರ್ ದುಬೈಯಲ್ಲಿ ಕಂಪ್ಯೂಟರ್ ಅಂಗಡಿಗಳ ಸಾಲಿರುವ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಗೆ ಹೋದೆವು. ಅಂಗಡಿಯೊಂದರಲ್ಲಿ ದಕ್ಷಿಣ ಕನ್ನಡದ ಯುವಕರೊಬ್ಬರು ಸಿಕ್ಕಿದ್ದು ನಮ್ಮ ಪುಣ್ಯ. ಲ್ಯಾಪ್‌ಟಾಪಿಗೆ ಕಿವಿಗೊಟ್ಟು ಒಂದು ಕ್ಷಣ ಆಲಿಸಿ ಅವರು ಕೇಳಿದರು:

“ಎಷ್ಟು ಸಲ ಆನ್ ಮಾಡಿ ನೋಡಿದಿರಿ ಸಾರ್?”

“ಏಳೆಂಟು ಸಲ.”

“ಇನ್ನು ಮಾಡಬೇಡಿ. ಶಬ್ದ ಬರುವ ಡಿಸ್ಕಿಗೆ ಸಾಫ್ಟ್‌ವೇರ್ ಹಾಕಿ ಏನೂ ಪ್ರಯೋಜನ ಇಲ್ಲ. ಇದನ್ನು ಲ್ಯಾಬಿನಲ್ಲೇ ಬಿಚ್ಚಬೇಕು.”

ಈ ಮಾತಿನಲ್ಲಿ ಮುಖ್ಯವಾದ ಭೇದವೊಂದಿದೆ. ಡಿಸ್ಕ್ ನಿಶ್ಶಬ್ದವಾಗಿ ತಿರುಗುತ್ತಿದ್ದು ಕಡತಗಳು ಮಾತ್ರ ಕಾಣದಿದ್ದರೆ ಅದು ಬಹುಮಟ್ಟಿಗೆ ತಾರ್ಕಿಕ ದೋಷ; ತಂತ್ರಾಂಶದ ನೆರವಿನಿಂದ ಮರಳಿ ಪಡೆಯುವ ಸಂಭವ ಹೆಚ್ಚು. ಸದ್ದು ಮಾಡುವುದು ಭೌತಿಕ ದೋಷ. ಅದನ್ನು ಧೂಳುರಹಿತ ಕೊಠಡಿಯಲ್ಲಿ ನುರಿತವರೇ ಬಿಚ್ಚಬೇಕು. ಸ್ಥಳೀಯ ಮಿತ್ರರೊಬ್ಬರು ಡಿಸ್ಕನ್ನು ರಾತ್ರಿಯಿಡೀ ಫ್ರೀಜರಿನಲ್ಲಿಡಿ ಎಂದು ಸಲಹೆ ನೀಡಿದರು. ತಣ್ಣಗಾದ ಡಿಸ್ಕಿನೊಳಗೆ ಗಾಳಿಯ ತೇವ ಹನಿಗಟ್ಟಿ ಇನ್ನಷ್ಟು ಹಾನಿಯಾಗುತ್ತದೆಂದು ಆ ಯುವಕರು ಎಚ್ಚರಿಸಿದರು. ತೇವಾಂಶದ ತಗಾದೆಗೆಂದೇ ಬಂದಿದ್ದ ನಾವು ಆ ಸಂಕಟದಲ್ಲೂ ನಕ್ಕೆವು.

ಕೊಡಬೇಕೋ ಬೇಡವೋ

ನಿಜವಾದ ಇಕ್ಕಟ್ಟು ಎದುರಾದದ್ದು ಅನಂತರ. ಲ್ಯಾಪ್‌ಟಾಪಿನ ವಾರಂಟಿ ಇನ್ನೂ ಚಾಲ್ತಿಯಲ್ಲಿತ್ತು. ಅಧಿಕೃತ ಸೇವಾ ಕೇಂದ್ರದಲ್ಲಿ ಹೊಸ ಡಿಸ್ಕ್ ಉಚಿತವಾಗಿ ದೊರೆಯುತ್ತಿತ್ತು; ಆದರೆ ಕೆಟ್ಟ ಡಿಸ್ಕನ್ನು ಅಲ್ಲಿಯೇ ಒಪ್ಪಿಸಬೇಕೆಂಬ ಷರತ್ತು. ಮಾಹಿತಿ ಹೊರತೆಗೆದು ಕೊಡುವೆವೆಂದ ಬೇರೊಂದು ಅಂಗಡಿಯವರು ಡಿಸ್ಕನ್ನು ಎರಡು ವಾರ ತಮ್ಮಲ್ಲಿಯೇ ಬಿಡಲು ಹೇಳಿದರು.

ನಮ್ಮ ಕಕ್ಷಿದಾರರು ಅವಸರಪಟ್ಟರು: “ಕೊಟ್ಟುಬಿಡ್ರಿ ಸಾಹೇಬ್ರ, ನಾಳೆ ಮೀಟಿಂಗ್ ಐತಿ.”

ಅವರ ಚಿಂತೆ ಸಹಜವಾಗಿತ್ತು. ಆದರೆ ಆ ಡಿಸ್ಕಿನಲ್ಲಿ ಅವರೊಬ್ಬರ ಲೆಕ್ಕವಿರಲಿಲ್ಲ. ಇನ್ನೂ ಹದಿನಾಲ್ಕು ಮಂದಿ ಕಕ್ಷಿದಾರರ ಪರಿಶೋಧನಾ ಕಾಗದಗಳು ಯಾವ ಗೂಢಲಿಪಿಯ ರಕ್ಷಣೆಯೂ ಇಲ್ಲದೆ ಅದರಲ್ಲಿದ್ದವು. ವೃತ್ತಿಯ ಕಾರಣದಿಂದ ತಿಳಿದ ವಿಷಯವನ್ನು ಕಕ್ಷಿದಾರರ ಒಪ್ಪಿಗೆಯಿಲ್ಲದೆ ಅನ್ಯರಿಗೆ ಬಹಿರಂಗಪಡಿಸುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಎರಡನೆಯ ಅನುಸೂಚಿಯಂತೆ ವೃತ್ತಿ ದುರ್ನಡತೆ. ಕೆಟ್ಟ ಡಿಸ್ಕೆಂದರೆ ಖಾಲಿ ಡಿಸ್ಕಲ್ಲ. ನಮಗೆ ತೆರೆಯಲಾಗದ್ದನ್ನು ಮತ್ತೊಬ್ಬರು ತೆರೆಯಬಲ್ಲರು. ಆದ್ದರಿಂದ ವಾರಂಟಿಯ ಆಸೆ ಬಿಟ್ಟು, ಸ್ವಂತ ಹಣದಿಂದ ಹೊಸ ಡಿಸ್ಕ್ ಕೊಂಡು ಹಾಕಿಸಿ, ಹಳೆಯದನ್ನು ಕೈಚೀಲದಲ್ಲಿಟ್ಟುಕೊಂಡೆ.

ಶನಿವಾರದ ಮಾತುಕತೆ

ಆ ಸಂಜೆಯಿಂದ ತಡರಾತ್ರಿಯವರೆಗೆ ಕಡತವನ್ನು ಮತ್ತೆ ಕಟ್ಟಲು ಕುಳಿತೆವು. ಟ್ಯಾಲಿ ಲೆಕ್ಕದ ಆಗಸ್ಟ್ ಅಂತ್ಯದ ಬ್ಯಾಕಪ್ ಕಚೇರಿಯಲ್ಲಿತ್ತು. ನಾನು ಹಿಂದೆ ಕಳುಹಿಸಿದ್ದ ಕೆಲವು ಪಟ್ಟಿಗಳು ಕಕ್ಷಿದಾರರ ಇಮೇಲಿನಲ್ಲಿ ಉಳಿದಿದ್ದವು. ನಮ್ಮ ಸಹಾಯಕರು ಬ್ಯಾಂಕಿನ ಕಾಗದಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಕಳುಹಿಸಿದರು. ಭಾರತದ ಗಡಿಯಾರ ದುಬೈಗಿಂತ ಒಂದೂವರೆ ಗಂಟೆ ಮುಂದು. ಅವರು ಮನೆಗೆ ಹೋದಾಗ ಅಲ್ಲಿ ನಡುರಾತ್ರಿ ಕಳೆದಿತ್ತು.

ಇಷ್ಟಾದರೂ ಮೂರನೆಯ ಕಂಟೇನರಿನ ಪ್ರಯೋಗಾಲಯ ವರದಿ ಸಿಗಲಿಲ್ಲ. ಅದು ನನ್ನ ಇಮೇಲಿಗೆ ಮಾತ್ರ ಬಂದಿತ್ತು. ನಾನು ಬಳಸುತ್ತಿದ್ದ ವ್ಯವಸ್ಥೆಯು ಸಂದೇಶಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಸರ್ವರಿನಿಂದ ಅಳಿಸಿಬಿಡುತ್ತಿತ್ತು. ಶನಿವಾರ ಬೆಳಿಗ್ಗೆ ಪ್ರಯೋಗಾಲಯದ ದೂರವಾಣಿಯನ್ನು ಯಾರೂ ಎತ್ತಲಿಲ್ಲ; ಅಂದೇ ಇತ್ಯರ್ಥವಾಗಬೇಕೆಂದು ಖರೀದಿದಾರರು ಪಟ್ಟು ಹಿಡಿದರು. ಎರಡು ಕಂಟೇನರುಗಳ ಹಣ ಪೂರ್ತಿ ಬಂತು. ಮೂರನೆಯದರ ಕಡಿತವನ್ನು, ನ್ಯಾಯ ನಮ್ಮ ಕಡೆಗಿದ್ದರೂ, ಒಪ್ಪಿಕೊಳ್ಳಬೇಕಾಯಿತು. ಕಕ್ಷಿದಾರರು ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಊರಿಗೆ ಮರಳಿ ಬೆಂಗಳೂರಿನ ತಜ್ಞರಿಗೆ ಡಿಸ್ಕ್ ತೋರಿಸಿದೆ. ಅದೇ ಮಾದರಿಯ ಬೇರೊಂದು ಡಿಸ್ಕಿನ ಮುಳ್ಳನ್ನು ಜೋಡಿಸಿ ಪ್ರಯತ್ನಿಸಬಹುದು, ಖರ್ಚು ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು, ಫಲಿತಾಂಶಕ್ಕೆ ಖಾತರಿಯಿಲ್ಲ ಎಂದರು. ಅಷ್ಟರಲ್ಲಿ ಹಗಲಿರುಳು ದುಡಿದು ಪರಿಶೋಧನಾ ಕೆಲಸವನ್ನು ಪುನಃ ಸಿದ್ಧಪಡಿಸಿದ್ದೆವು. ಪ್ರಯತ್ನ ಕೈಬಿಟ್ಟು, ಡಿಸ್ಕಿನ ತಟ್ಟೆಗಳಿಗೆ ಡ್ರಿಲ್ಲಿನಿಂದ ತೂತು ಕೊರೆಸಿ ನಾಶಪಡಿಸಿದೆ.

ಸವಕಳಿ ಕಳೆದೆವು, ಮುಂಜಾಗ್ರತೆ ಮರೆತೆವು

ಆಗ ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಶೇ. 60 ಸವಕಳಿ ದೊರೆಯುತ್ತಿತ್ತು. 2017-18ರ ಆರ್ಥಿಕ ವರ್ಷದಿಂದ ಅದನ್ನು ಶೇ. 40ಕ್ಕೆ ಇಳಿಸಲಾಯಿತು. ಶೇ. 60ರ ಲೆಕ್ಕದಲ್ಲಿ ನೂರು ರೂಪಾಯಿಯ ಯಂತ್ರ ಮೂರು ವರ್ಷಗಳ ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಆರು ರೂಪಾಯಿ ನಲವತ್ತು ಪೈಸೆ. ಈ ಯಂತ್ರ ಬಹುಬೇಗ ಸವೆಯುವಂಥದೆಂದು ಪ್ರತಿ ವರ್ಷ ಲೆಕ್ಕದಲ್ಲಿ ಬರೆದವನು ನಾನೇ. ಅದು ನಿಂತುಹೋಗುವ ದಿನಕ್ಕೆ ಏನೂ ಏರ್ಪಾಡು ಮಾಡದವನೂ ನಾನೇ.

ಇಂದು ಹೊಸ ಲ್ಯಾಪ್‌ಟಾಪುಗಳಲ್ಲಿ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಬಂದಿದೆ. ಅದು ಪೆಟ್ಟಿಗೆ ಅಷ್ಟಾಗಿ ಅಂಜದು. ಆದರೆ ಕೆಡುವಾಗ ಟಿಕ್ ಎಂಬ ಸದ್ದಿನ ಮುನ್ಸೂಚನೆಯನ್ನೂ ಕೊಡದೆ ಹೋಗಬಹುದು. ಆದ್ದರಿಂದ ಅಪಾಯ ಮುಗಿದಿಲ್ಲ, ರೂಪ ಬದಲಿಸಿದೆ. ಕಂಪನಿಗಳ ಮಟ್ಟಿಗಂತೂ ಇದು ಕಾನೂನಿನ ವಿಷಯವೂ ಹೌದು. 2013ರ ಕಂಪನಿ ಕಾಯಿದೆಯ 128ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳವರೆಗೆ ಕಾಪಾಡಬೇಕು. 2022ರ ಆಗಸ್ಟ್‌ನ ತಿದ್ದುಪಡಿಯಾದ ಮೇಲೆ, ವಿದ್ಯುನ್ಮಾನ ಲೆಕ್ಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸುವುದು ಕಡ್ಡಾಯ.

ಪ್ರವಾಸಕ್ಕೆ ಮುನ್ನ

ಸದಸ್ಯರ ಅನುಕೂಲಕ್ಕಾಗಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ನೀಡುತ್ತಿದ್ದೇನೆ.

1. ಮುಖ್ಯ ಮಾಹಿತಿಯ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೆ ಸ್ಥಳದಲ್ಲಿರಲಿ. ಜೊತೆಗೊಯ್ಯುವ ಪ್ರತಿಯನ್ನು ಲ್ಯಾಪ್‌ಟಾಪಿನ ಚೀಲದಲ್ಲಿಯೇ ಇಡಬಾರದು.

2. ಆ ಪ್ರವಾಸಕ್ಕೆ ಬೇಕಾದ ಕಡತಗಳನ್ನು ಮಾತ್ರ ಒಯ್ಯಿರಿ. ಉಳಿದವರ ಲೆಕ್ಕಕ್ಕೆ ವಿದೇಶದಲ್ಲಿ ಕೆಲಸವಿಲ್ಲ.

3. ಡಿಸ್ಕನ್ನು ಗೂಢಲಿಪೀಕರಿಸಿ, ಮರುಪ್ರಾಪ್ತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಕಚೇರಿಯ ಬೀರುವಿನಲ್ಲಿಡಿ.

4. ಕ್ಲೌಡ್ ಖಾತೆ ತೆರೆಯಲು ಬೇಕಾಗುವ ಒಟಿಪಿ ನಿಮ್ಮ ಭಾರತದ ಮೊಬೈಲಿಗೆ ಬರುತ್ತದೆ. ರೋಮಿಂಗ್ ಇಲ್ಲದಿದ್ದರೆ ಬ್ಯಾಕಪ್ ಇದ್ದೂ ಇಲ್ಲದಂತೆ.

5. ಕ್ಲೌಡಿನೊಡನೆ ಕಡತಗಳು ತಾವಾಗಿ ಹೊಂದಿಕೊಳ್ಳುವ ಏರ್ಪಾಡನ್ನೇ ಬ್ಯಾಕಪ್ ಎಂದು ತಿಳಿಯಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

6. ಹೋಟೆಲಿನ ಕಂಪ್ಯೂಟರಿನಲ್ಲಿ ಇಮೇಲ್ ತೆರೆಯಲೇಬೇಕಾಗಿ ಬಂದರೆ, ಅನಂತರ ಬೇರೆ ಸುರಕ್ಷಿತ ಯಂತ್ರದಿಂದ ಗುಪ್ತಪದ ಬದಲಿಸಿ.

7. ಬ್ಯಾಕಪ್ಪಿನಿಂದ ಒಂದು ಕಡತವನ್ನು ಹೊರಡುವ ಮುನ್ನ ತೆರೆದು ನೋಡಿ. ಪರೀಕ್ಷಿಸದ ಬ್ಯಾಕಪ್, ತಾಳೆ ನೋಡದ ನಗದು ಶಿಲ್ಕಿನಂತೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ನಾನು ಬಾಗಿಲು ಹಾಕಿದ್ದು ಹಾಗೆಯೇ. ಡಿಸ್ಕಿಗೆ ಬೆಲೆಯುಂಟು, ಬಿಲ್ಲುಂಟು, ವಾರಂಟಿಯುಂಟು; ಅದರೊಳಗಿದ್ದ ಒಂದು ಪುಟದ ವರದಿಗೆ ಇವಾವುವೂ ಇರಲಿಲ್ಲ. ಮುಂದಿನ ಪ್ರವಾಸದ ಟಿಕೆಟ್ ಕಾಯ್ದಿರಿಸುವ ದಿನವೇ ಬ್ಯಾಕಪ್ಪಿನ ಕೆಲಸವನ್ನೂ ಮುಗಿಸಿರೆಂಬುದು ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.