ತೆಂಗಿನ ಮರ ಹತ್ತುವ ಸಾಧನ: ಹೊರುವ ರೀತಿ, ವಹಿಸಬೇಕಾದ ಎಚ್ಚರ



ಮರ ಹತ್ತುವವರು ಸಿಗದೆ ಕಾಯಿ ಮರದಲ್ಲೇ ಒಣಗಿ ಬೀಳುವುದು ಅನೇಕ ಊರುಗಳ ಅನುಭವ. ಆದುದರಿಂದ ಹಲವರು ಸಾಧನವನ್ನು ಕೊಂಡು ತಾವೇ ಹತ್ತತೊಡಗಿದ್ದಾರೆ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತರೊಬ್ಬರು ರೂಪಿಸಿದ ಮಾದರಿ ಇವುಗಳಲ್ಲಿ ಹೆಸರಾದುದು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಇಂಥ ಸಾಧನದಿಂದ ಮರ ಹತ್ತುವ ತರಬೇತಿಯನ್ನು ಆರಂಭಿಸಿತು.

ಹತ್ತುವುದನ್ನು ಆಸಕ್ತಿಯಿಂದ ಕಲಿಯುವವರೂ ಸಾಧನವನ್ನು ಹೊರುವುದು ಹೇಗೆಂದು ಕೇಳುವುದಿಲ್ಲ. ಲೆಕ್ಕ ಹಾಕಿ ನೋಡಿ. 25 ಅಡಿ ಅಂತರದಲ್ಲಿ ನೆಟ್ಟ ಒಂದು ಎಕರೆಯಲ್ಲಿ ಸುಮಾರು 70 ಮರಗಳಿರುತ್ತವೆ. ಅಂದರೆ 70 ಸಲ ಸಾಧನವನ್ನು ಕಳಚಿ, ಹೊತ್ತು, ಮತ್ತೆ ಕಟ್ಟಬೇಕು. ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಆ ಕಬ್ಬಿಣ ನಿಮ್ಮ ಮೈಮೇಲಿರುತ್ತದೆ. ಸೋತ ತೋಳಿನಿಂದ ಮರ ಹತ್ತುವುದು ಹಿತವಲ್ಲ.

ಈ ಮಾದರಿಯಲ್ಲಿ ಎಡಗಾಲಿಗೊಂದು, ಬಲಗಾಲಿಗೊಂದು ಚೌಕಟ್ಟಿದೆ. ಪ್ರತಿಯೊಂದರಿಂದ ಹೊರಟ ತಂತಿಹಗ್ಗ ಕಾಂಡವನ್ನು ಬಳಸಿ ಬಂದು ಚೌಕಟ್ಟಿಗೇ ಸಿಕ್ಕಿಕೊಳ್ಳುತ್ತದೆ. ಮೆಟ್ಟಿದಾಗ ಹಗ್ಗ ಬಿಗಿಯುತ್ತದೆ, ಕಾಲೆತ್ತಿದಾಗ ಸಡಿಲವಾಗುತ್ತದೆ. ನಿಮ್ಮ ಇಡೀ ಭಾರ ಆ ಹಗ್ಗದ ಮೇಲಿದೆ ಎಂಬುದನ್ನು ಮರೆಯಬಾರದು.

ಆದರೆ ಹಗ್ಗ ಹಾಳಾಗುವುದು ಬಹಳ ಮಟ್ಟಿಗೆ ನೆಲದ ಮೇಲೆಯೇ. ಚೌಕಟ್ಟನ್ನು ಹೆಗಲಿಗೇರಿಸಿ, ಹಗ್ಗವನ್ನು ಹಿಂದೆ ಎಳೆದಾಡುತ್ತ ನಡೆಯುವವರೇ ಹೆಚ್ಚು. ನಾನೂ ಹಾಗೆ ನಡೆದವನೇ. ಒಮ್ಮೆ ಬದು ದಾಟುವಾಗ ಕಾಲಿಗೆ ಹಗ್ಗ ತೊಡರಿ ಬಸಿಗಾಲುವೆಗೆ ಬಿದ್ದೆ. ತರಚಿದ ಮಂಡಿ ವಾರದಲ್ಲಿ ವಾಸಿಯಾಯಿತು, ಮಡಚಿಹೋದ ಹಗ್ಗವನ್ನು ಮಾತ್ರ ಎಸೆಯಬೇಕಾಯಿತು. ತಂತಿಹಗ್ಗ ಒಮ್ಮೆ ಚೂಪಾಗಿ ಮಡಚಿತೆಂದರೆ ಅಲ್ಲಿ ಅದರ ಶಕ್ತಿ ಕುಂದುತ್ತದೆ. ನೇರ ಮಾಡಿದರೂ ಅದು ಮೊದಲಿನಂತಾಗದು.

ಆದುದರಿಂದ ಮನೆಯಿಂದ ತೋಟಕ್ಕೆ ಹೊರಡುವಾಗ ಎರಡೂ ಹಗ್ಗಗಳನ್ನು ಅಗಲವಾದ ಸುರುಳಿ ಮಾಡಿ ಚೌಕಟ್ಟಿಗೆ ಕಟ್ಟಿಕೊಳ್ಳಿ. ಎರಡೂ ಚೌಕಟ್ಟುಗಳನ್ನು ಒತ್ತಾಗಿ ಜೋಡಿಸಿ, ನಡುವೆ ಗೋಣಿತಾಟು ಇಟ್ಟು ಬಿಗಿಯಿರಿ. ಹಳೆಯ ಮಂಚದ ನವಾರಿನಿಂದ ಎರಡು ಹೆಗಲುಪಟ್ಟಿ ಮಾಡಿಕೊಂಡರೆ ಭಾರ ಬೆನ್ನಿನ ಮೇಲೆ ಕೂರುತ್ತದೆ, ಕೈಗಳೂ ಖಾಲಿ ಇರುತ್ತವೆ. ಸೆಣಬಿನ ಹುರಿ ಮಾತ್ರ ಬೇಡ, ಅದು ಹೆಗಲನ್ನು ಕೊಯ್ಯುತ್ತದೆ. ಮರದಿಂದ ಮರಕ್ಕೆ ಹೋಗುವಾಗ ಇಷ್ಟೆಲ್ಲ ಬೇಕಿಲ್ಲ. ಕೈಗೊಂದರಂತೆ ಹಿಡಿದು ನಡೆದರೆ ತೂಕ ಸಮನಾಗುತ್ತದೆ, ಹಗ್ಗ ನೆಲಕ್ಕೆ ತಾಗದಿದ್ದರೆ ಸಾಕು. ಮಚ್ಚು ಸದಾ ಒರೆಯಲ್ಲಿರಲಿ. ಸಾಧನ ಹೊತ್ತವನು ಬರಿಯ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ತೀರ ಅಪಾಯಕರ.

ಅಮೆರಿಕದಲ್ಲಿ ಜಿಂಕೆ ಬೇಟೆಗಾರರು ಇದೇ ತತ್ವದ ಅಟ್ಟಣೆಯನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿಗೆ ಹೋಗುತ್ತಾರೆ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ.) ಅವರಿಗೆ ಕಲಿಸುವ ಎರಡು ನಿಯಮಗಳು ನಮಗೂ ಹೊಂದುತ್ತವೆ. ಸುರಕ್ಷಾ ಪಟ್ಟಿಯನ್ನು ನೆಲದ ಮೇಲೆಯೇ ಮರಕ್ಕೆ ಸೇರಿಸಿಕೊಂಡು ಹತ್ತಬೇಕು, ಮರಳಿ ನೆಲ ಮುಟ್ಟುವವರೆಗೂ ಬಿಚ್ಚಬಾರದು. ಕೈಯಲ್ಲಿ ಏನನ್ನೂ ಹಿಡಿದು ಹತ್ತಬಾರದು, ಬೇಕಾದುದನ್ನು ಆಮೇಲೆ ಹಗ್ಗದಿಂದ ಸೇದಿಕೊಳ್ಳಬೇಕು. ಚೆಂಬೇರಿ ಮಾದರಿಗೆ ಜೋಡಿಸುವಂಥ ಸುರಕ್ಷಾ ಭಾಗವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ. ತಲೆಸುತ್ತು ಬಂದು ಕೈ ಬಿಟ್ಟರೂ ಅದು ನಿಮ್ಮನ್ನು ಹಿಡಿದಿಡುತ್ತದೆ. ಹಣ ಉಳಿಸಲು ಇದನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಕಟ್ಟುವ ಮುನ್ನ ಹಗ್ಗವನ್ನು ಬಟ್ಟೆಯಿಂದ ಸವರಿ ನೋಡಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುವುದೋ ಅಲ್ಲಿ ಎಳೆ ಕಡಿದಿದೆ ಎಂದರ್ಥ, ಅಂದು ಮರ ಹತ್ತಬೇಡಿ. ಮಳೆಯಲ್ಲಿ ನೆನೆದು ಪಾಚಿಗಟ್ಟಿದ ಮರವನ್ನೂ, ವಿದ್ಯುತ್ ತಂತಿಗೆ ಗರಿ ತಾಗುವಂಥ ಮರವನ್ನೂ ಬಿಟ್ಟುಬಿಡಿ.

ಕೆಲಸ ಮುಗಿದ ಮೇಲೆ ಸಾಧನವನ್ನು ಒರೆಸಿ, ಒಣಗಿಸಿ, ಗೋಡೆಗೆ ತೂಗುಹಾಕಿ. ಕಾಂಡಕ್ಕೆ ತಾಗುವ ರಬ್ಬರಿಗೂ ಹಗ್ಗಕ್ಕೂ ಎಣ್ಣೆ ಬಳಿಯಬೇಡಿ, ಜಾರುತ್ತದೆ. ಗೊಬ್ಬರದ ಚೀಲಗಳ ಪಕ್ಕದಲ್ಲಂತೂ ಇಡಲೇಬೇಡಿ, ಕಬ್ಬಿಣಕ್ಕೆ ಬೇಗನೆ ತುಕ್ಕು ಹಿಡಿಯುತ್ತದೆ.