ಹಗುರ ಲೋಹಗಳೆರಡು: ಟೈಟೇನಿಯಂ ಮತ್ತು ಮೆಗ್ನೀಸಿಯಂ

ಲೋಹವೆಂದರೆ ಭಾರವಾದ ವಸ್ತುವೆಂಬುದು ನಮ್ಮ ವಾಡಿಕೆಯ ತಿಳಿವಳಿಕೆ. ಆದರೆ ವಿಮಾನ ಕಟ್ಟುವವನಿಗೆ ಬೇಕಾದುದು ಹಗುರಾದ ಲೋಹ. ಇಂತಹ ಲೋಹಗಳಲ್ಲಿ ಟೈಟೇನಿಯಂ, ಮೆಗ್ನೀಸಿಯಂ ಎಂಬೆರಡು ಹೆಸರುಗಳನ್ನು ನಾವು ಆಗಾಗ ಕೇಳುತ್ತೇವೆ. ಇವೆರಡರಲ್ಲಿ ಯಾವುದು ಮೇಲು? ಹಾಗೆ ಕೇಳುವುದಕ್ಕೆ ಮೊದಲು, ಅದಕ್ಕೆ ಯಾವ ಕೆಲಸವನ್ನು ವಹಿಸಬೇಕಾಗಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲು ತೂಕವನ್ನು ನೋಡೋಣ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಅಷ್ಟೇ ಗಾತ್ರದ ಮೆಗ್ನೀಸಿಯಂ ೧.೭, ಅಲ್ಯೂಮಿನಿಯಂ ೨.೭, ಟೈಟೇನಿಯಂ ೪.೫, ಕಬ್ಬಿಣ ೭.೯ ಕಿಲೋಗ್ರಾಂ ತೂಗುತ್ತವೆ. ಹಗುರತನವೊಂದೇ ಸಾಕೆನ್ನುವುದಾದರೆ ಮೆಗ್ನೀಸಿಯಂ ಗೆದ್ದಂತೆಯೇ.

ಇನ್ನು ಬಲದ ಮಾತು. ಶುದ್ಧ ಲೋಹಕ್ಕೆ ಬಲ ಸಾಲದೆಂದು ಬೇರೆ ಲೋಹಗಳನ್ನು ಬೆರೆಸುತ್ತಾರೆ. ಮೆಗ್ನೀಸಿಯಮ್ಮಿಗೆ ನೂರಕ್ಕೆ ಒಂಬತ್ತು ಪಾಲು ಅಲ್ಯೂಮಿನಿಯಂ, ಒಂದು ಪಾಲು ಸತುವು ಬೆರೆಸಿದ ಮಿಶ್ರಲೋಹ ಬಹು ಬಳಕೆಯದು. ಟೈಟೇನಿಯಮ್ಮಿಗೆ ಆರು ಪಾಲು ಅಲ್ಯೂಮಿನಿಯಂ, ನಾಲ್ಕು ಪಾಲು ವನೇಡಿಯಂ ಬೆರೆಸುತ್ತಾರೆ. ಒಂದು ಚದರ ಮಿಲಿಮೀಟರು ಅಡ್ಡಳತೆಯ ಸರಳನ್ನು ಜಗ್ಗಿದರೆ, ಮೊದಲನೆಯದು ಸುಮಾರು ೨೩ ಕಿಲೋಗ್ರಾಂ ಭಾರಕ್ಕೆ ಹರಿಯುತ್ತದೆ. ಎರಡನೆಯದು ೯೦ ಕಿಲೋಗ್ರಾಂವರೆಗೂ ತಾಳುತ್ತದೆ. ತೂಕಕ್ಕೆ ತೂಕ ಹಿಡಿದರೂ ಟೈಟೇನಿಯಂ ಒಂದೂವರೆ ಪಟ್ಟು ಬಲಶಾಲಿ.

ಇಲ್ಲಿಗೆ ವಾದ ಮುಗಿಯಿತೆನ್ನುವಂತಿಲ್ಲ. ಮುರಿಯದಿರುವುದು ಒಂದು ಗುಣ, ಬಾಗದಿರುವುದು ಇನ್ನೊಂದು ಗುಣ. ತಗಡಿನ ದಪ್ಪ ಇಮ್ಮಡಿಯಾದರೆ ಅದು ಬಾಗದೆ ನಿಲ್ಲುವ ಶಕ್ತಿ ಎಂಟುಮಡಿಯಾಗುತ್ತದೆ. ಒಂದೇ ಉದ್ದಗಲ, ಒಂದೇ ತೂಕದ ಎರಡು ತಗಡುಗಳನ್ನು ಮಾಡಿಸಿದರೆ, ಮೆಗ್ನೀಸಿಯಂ ತಗಡು ಸುಮಾರು ಎರಡೂವರೆ ಪಟ್ಟು ದಪ್ಪವಾಗಿರುತ್ತದೆ. ಲೋಹವಾಗಿ ಮೆದುವಾದರೂ, ಈ ದಪ್ಪದ ದೆಸೆಯಿಂದ ಅದು ಟೈಟೇನಿಯಂ ತಗಡಿಗಿಂತ ಐದಾರು ಪಟ್ಟು ಹೆಚ್ಚು ಬಿಗುವಾಗಿ ನಿಲ್ಲುತ್ತದೆ! ಕ್ಯಾಮೆರಾದ ಮೈ, ಗೇರು ಪೆಟ್ಟಿಗೆ ಮೊದಲಾದವುಗಳಿಗೆ ಮೆಗ್ನೀಸಿಯಂ ಒಗ್ಗುವುದು ಇದರಿಂದಲೇ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಮೋಟಾರಿನ ಎಂಜಿನ್ ಕವಚವೂ ಇದರದೇ ಎರಕವಾಗಿತ್ತು.

ಶಾಖದ ಎದುರು ಮಾತ್ರ ಮೆಗ್ನೀಸಿಯಂ ಸೋಲುತ್ತದೆ. ಮೇಲೆ ಹೇಳಿದ ಅದರ ಮಿಶ್ರಲೋಹ ೧೨೦ ಡಿಗ್ರಿ ಸೆಂಟಿಗ್ರೇಡು ದಾಟಿದರೆ ಭಾರದಡಿಯಲ್ಲಿ ಮೆಲ್ಲಮೆಲ್ಲನೆ ಜಗ್ಗತೊಡಗುತ್ತದೆ. ಟೈಟೇನಿಯಂ ಮಿಶ್ರಲೋಹವೋ ೩೦೦ ಡಿಗ್ರಿಯಲ್ಲೂ ದುಡಿಯುತ್ತದೆ. ಆದುದರಿಂದ ಜೆಟ್ ಎಂಜಿನ್ನಿನ ಮುಂಭಾಗದ ಅಲಗುಗಳಿಗೆ ಟೈಟೇನಿಯಮ್ಮೇ ಬೇಕು.

ಉಪ್ಪುನೀರಿನಲ್ಲಿಯೂ ಹಾಗೆಯೇ. ಟೈಟೇನಿಯಮ್ಮಿನ ಮೇಲೆ ತೆಳುವಾದ ಆಕ್ಸೈಡ್ ಪೊರೆಯೊಂದು ಮೂಡಿ ಕಾಪಾಡುತ್ತದೆ. ಗೀಚಿದರೆ ತಾನಾಗಿ ಮತ್ತೆ ಮೂಡುತ್ತದೆ. ಮೆಗ್ನೀಸಿಯಮ್ಮನ್ನು ಉಪ್ಪುನೀರು ತಿಂದುಹಾಕುತ್ತದೆ. ಆದರೆ ಮನುಷ್ಯನ ಜಾಣತನ ನೋಡಿ: ನೆಲದಲ್ಲಿ ಹೂತ ಕಬ್ಬಿಣದ ಕೊಳವೆಗೆ ಮೆಗ್ನೀಸಿಯಂ ತುಂಡನ್ನು ತಂತಿಯಿಂದ ಜೋಡಿಸಿದರೆ, ತಾನು ಸವೆದು ಅದು ಕೊಳವೆಯನ್ನು ಉಳಿಸುತ್ತದೆ. ವೈದ್ಯರೂ ಈ ಭೇದವನ್ನು ಬಳಸಿಕೊಂಡಿದ್ದಾರೆ. ಬಹುಕಾಲ ಮೈಯೊಳಗೆ ಉಳಿಯಬೇಕಾದ ಕೀಲಿಗೆ ಟೈಟೇನಿಯಂ. ಮೂಳೆ ಕೂಡುವವರೆಗೆ ಮಾತ್ರ ಬೇಕಾದ ಸಣ್ಣ ತಿರುಪಿಗೆ ಕರಗಿಹೋಗುವ ಮೆಗ್ನೀಸಿಯಂ ಮಿಶ್ರಲೋಹ. ತಿರುಪು ತೆಗೆಯಲು ರೋಗಿ ಮತ್ತೆ ಶಸ್ತ್ರಕ್ರಿಯೆಗೆ ಒಳಗಾಗಬೇಕಿಲ್ಲ.

ಬೆಂಕಿಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ೧೯೫೫ರ ಜೂನ್ ೧೧ರಂದು ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಒಂದು ಮರ್ಸಿಡಿಸ್ ಮೋಟಾರಿನ ಭಾಗಗಳು ಪ್ರೇಕ್ಷಕರ ಮೇಲೆ ಎರಗಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದರ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ಅದು ಹೊತ್ತಿಕೊಂಡಾಗ ನೀರು ಹೊಯ್ದದ್ದರಿಂದ ಉರಿ ಹೆಚ್ಚಿತು. ನಮ್ಮ ಓದುಗರಲ್ಲಿ ಲೇತ್ ಯಂತ್ರ ನಡೆಸುವವರೂ ಇರಬಹುದು. ದಪ್ಪ ಗಟ್ಟಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಸಣ್ಣ ಸುರುಳಿ, ಪುಡಿಗಳು ಹೊತ್ತಿಕೊಳ್ಳುತ್ತವೆ. ಟೈಟೇನಿಯಮ್ಮಿನ ಪುಡಿಯೂ ಇದಕ್ಕೆ ಹೊರತಲ್ಲ. ಅಂತಹ ಬೆಂಕಿಗೆ ನೀರು ಹಾಕಲೇಬಾರದು. ಲೋಹದ ಬೆಂಕಿಗೆಂದೇ ತಯಾರಾದ ಒಣ ಪುಡಿಯನ್ನು ಸುರಿಯಬೇಕು.

ಕಡೆಯದಾಗಿ ಬೆಲೆ. ಟೈಟೇನಿಯಂ ಭೂಮಿಯಲ್ಲಿ ವಿರಳವೇನೂ ಅಲ್ಲ. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿ ಅದರ ಅದಿರು ಧಾರಾಳವಾಗಿದೆ. ದುಬಾರಿಯಾದುದು ಅದನ್ನು ಬೇರ್ಪಡಿಸುವ ಕೆಲಸ. ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ ರೂಪಿಸಿದ ವಿಧಾನದಲ್ಲಿ ಅದಿರನ್ನು ಮೊದಲು ಕ್ಲೋರೈಡ್ ಆಗಿ ಮಾರ್ಪಡಿಸಿ, ಅದರೊಳಗಿನ ಕ್ಲೋರಿನನ್ನು ಕರಗಿದ ಮೆಗ್ನೀಸಿಯಮ್ಮಿನಿಂದ ಕಸಿದುಕೊಳ್ಳುತ್ತಾರೆ. ಚವರದಲ್ಲಿ ೨೦೧೧ರಲ್ಲಿ ಆರಂಭವಾದ ಕಾರ್ಖಾನೆಯದೂ ಇದೇ ವಿಧಾನ; ಅದಕ್ಕೆ ತಂತ್ರಜ್ಞಾನ ಒದಗಿಸಿದುದು ಹೈದರಾಬಾದಿನ ರಕ್ಷಣಾ ಲೋಹವಿಜ್ಞಾನ ಪ್ರಯೋಗಾಲಯ. ಬಲದಲ್ಲಿ ಸೋತ ಲೋಹದ ನೆರವಿಲ್ಲದೆ, ಗೆದ್ದ ಲೋಹ ಈ ಕಾರ್ಖಾನೆಯಿಂದ ಹೊರಬರಲಾರದು.