ಜಾಲತಾಣದ ಶ್ರೇಯಾಂಕಕ್ಕೆ ತಂಡದ ದುಡಿಮೆ

ಗಾಜನೂರಿನ ತುಂಗಾ ಅಣೆಕಟ್ಟು, ಸಮೀಪದ ಸಕ್ರೆಬೈಲು ಆನೆ ಬಿಡಾರಗಳನ್ನು ನೋಡಬರುವ ಪ್ರವಾಸಿಗರು ಊಟ, ವಸತಿಗಳನ್ನು ಇಂದು ಮೊಬೈಲ್‌ನಲ್ಲಿಯೇ ಹುಡುಕುತ್ತಾರೆ. ಮಾಚೇನಹಳ್ಳಿಯ ಎರಕದ ಕಾರ್ಖಾನೆಯನ್ನೂ ಶಿವಮೊಗ್ಗದ ಅಡಿಕೆ ಮಂಡಿಯನ್ನೂ ದೂರದ ಹೊಸ ಗ್ರಾಹಕರು ಅರಸುವ ದಾರಿ ಇದೇ. ಮೊದಲ ಪುಟದಲ್ಲಿ ಕಾಣದ ಸಂಸ್ಥೆ ಅಂತಹ ವಿಚಾರಣೆಗಳನ್ನು ಕಳೆದುಕೊಳ್ಳುತ್ತದೆ.

1998ರಲ್ಲಿ ಸ್ಥಾಪಿತವಾದ ಗೂಗಲ್, ಇತರ ತಾಣಗಳು ನೀಡುವ ಕೊಂಡಿಗಳನ್ನು ಶಿಫಾರಸಿನಂತೆ ಪರಿಗಣಿಸಿತು. 2015ರಿಂದ ಮೊಬೈಲ್ ಹುಡುಕಾಟದಲ್ಲಿ, ಮೊಬೈಲ್‌ಗೆ ಹೊಂದುವ ಪುಟಗಳಿಗೆ ಆದ್ಯತೆಯಿತ್ತಿತು. ಆದರೂ ಮೂಲ ಬಂಡವಾಳ ಮಾಹಿತಿಯೇ. ‘ಉತ್ತಮ ಗುಣಮಟ್ಟ’ ಎಂದಷ್ಟೇ ಬರೆದರೆ ಸಾಲದು. ಎರಕದ ಲೋಹ, ತೂಕದ ಮಿತಿ, ಅಡಿಕೆಯಾದರೆ ರಾಶಿ, ಬೆಟ್ಟೆ, ಗೊರಬಲು ಎಂಬ ವರ್ಗ, ಹೀಗೆ ಗ್ರಾಹಕರು ಹುಡುಕುವ ಪದಗಳು ಪುಟದಲ್ಲಿರಬೇಕು.

ಈ ವಿವರಗಳನ್ನು ಬಲ್ಲವರು ಫೋರ್‌ಮನ್, ಗುಮಾಸ್ತ ಹಾಗೂ ಮಾರಾಟ ಸಿಬ್ಬಂದಿ. ಆದ್ದರಿಂದ ಮಾಲೀಕರು ಹೊಣೆಯನ್ನು ಹಂಚಬೇಕು. ಗ್ರಾಹಕರ ಪ್ರಶ್ನೆಗಳನ್ನು ಮಾರಾಟ ಸಿಬ್ಬಂದಿ ಬರೆದಿಡಲಿ. ಫೋರ್‌ಮನ್ ಉತ್ತರ ನೀಡಲಿ. ವಿಳಾಸ, ವೇಳೆ, ದೂರವಾಣಿ ಸಂಖ್ಯೆಗಳನ್ನು ಗುಮಾಸ್ತರು ಆಗಾಗ ಪರಿಶೀಲಿಸಲಿ. ತಿಂಗಳಿಗೊಮ್ಮೆ ಎಲ್ಲರೂ ಕುಳಿತು, ಯಾವ ಪದ ಹುಡುಕಿದವರು ತಾಣಕ್ಕೆ ಬಂದರೆಂಬುದನ್ನು ಗೂಗಲ್‌ನ ಉಚಿತ ಸರ್ಚ್ ಕನ್ಸೋಲ್‌ನಲ್ಲಿ ನೋಡಬೇಕು.

ಶ್ರೇಯಾಂಕ ಏರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಸಿಬ್ಬಂದಿಯನ್ನು ದೂರದೆ, ಬಂದ ಪ್ರತಿಯೊಂದು ವಿಚಾರಣೆಯ ಶ್ರೇಯಸ್ಸನ್ನು ದುಡಿದವರಿಗೆ ಸಲ್ಲಿಸುವ ಮಾಲೀಕರಿಗೆ ತಂಡವೂ ಉಳಿಯುತ್ತದೆ, ತಾಣವೂ ಬೆಳೆಯುತ್ತದೆ.